ಕೊಟ್ಟಿಗೆಯಲ್ಲಿದ್ದ ಮೂಟೆಗಳು

ಪಾಲಿಕೆಯವರು ಬಂದದ್ದು ಮಂಗಳವಾರ ಬೆಳಿಗ್ಗೆ, ಸುಬ್ರಮಣಿ ಅಂಗಡಿಯ ಷಟರ್ ಎತ್ತಿ ಊದುಬತ್ತಿ ಹಚ್ಚುತ್ತಿದ್ದ ಹೊತ್ತಿಗೆ. ಅಟ್ಟೂರಿನ ಹಳೇ ಬೀದಿಯಲ್ಲಿ ಮನೆಯ ಮುಂಭಾಗವನ್ನೇ ಒಡೆದು ಮಾಡಿದ ಅಂಗಡಿ ಅದು. ಬೋರ್ಡಿನ ಮೇಲೆ ಶ್ರೀ ಮುನೇಶ್ವರ ಟ್ರೇಡರ್ಸ್ ಎಂದಿತ್ತು. ಪೇಪರ್ ಪ್ಲೇಟು, ಲೋಟ, ಅಡಿಕೆ ತಟ್ಟೆ, ಊಟ ಕಟ್ಟುವ ಡಬ್ಬಿ, ಎದುರಿಗೆ ಜೋಡಿಸಿದ್ದ ಸಾಮಾನು ಇಷ್ಟೇ. ವ್ಯಾಪಾರ ನಡೆಯುತ್ತಿದ್ದದ್ದು ಮಾತ್ರ ಎದುರಿಗೆ ಇಡದ ಸಾಮಾನಿನಿಂದ. ತರಕಾರಿ ಗಾಡಿಯವರು, ಕೋಳಿ ಅಂಗಡಿಯವರು, ಹೂವಿನವರು, ಯಲಹಂಕದಿಂದ ಬಾಗಲೂರಿನವರೆಗೂ ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಅವನ ಹತ್ತಿರವೇ ಬರುತ್ತಿದ್ದರು. ಸರ್ಕಾರ ಅದನ್ನು ನಿಷೇಧಿಸಿದ ಮೇಲೆ ಬೆಲೆ ಏರಿತ್ತೇ ಹೊರತು ಕೇಳುವವರು ಕಡಿಮೆಯಾಗಿರಲಿಲ್ಲ.

ಜೀಪಿನಿಂದ ಇಳಿದ ಅಧಿಕಾರಿ ಅಂಗಡಿಯೊಳಗೆ ಇಣುಕಿಯೂ ನೋಡಲಿಲ್ಲ.

"ಹಿತ್ತಲಲ್ಲಿ ಒಂದು ಕೊಟ್ಟಿಗೆ ಇದೆಯಲ್ಲ, ಬೀಗ ತೆಗೀರಿ" ಎಂದರು.

"ದನ ಮಾರಿ ಎಷ್ಟೋ ವರ್ಷ ಆಯ್ತು ಸಾರ್. ಅಲ್ಲೇನಿದೆ, ಹಳೇ ಮಂಚ, ಬೂಸಾ ಚೀಲ."

"ಬೂಸಾ ಚೀಲದ ಹಿಂದೆ ಏನಿದೆ ನೋಡೋಣ, ತೆಗೀರಿ."

ಸುಬ್ರಮಣಿ ಊದುಬತ್ತಿ ಸಿಕ್ಕಿಸಿ ಬೀಗದ ಕೈ ತಂದ. ಬೂಸಾ ಚೀಲದ ಹಿಂದೆ ಅರವತ್ತೆರಡು ಮೂಟೆ ಕವರ್ ಇತ್ತು. ಹತ್ತು ಗಂಟೆಯ ಹೊತ್ತಿಗೆ ಅಷ್ಟೂ ಲಾರಿಯ ಮೇಲಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ದಂಡದ ಚೀಟಿ ಬರೆದುಕೊಟ್ಟು, ಷಟರ್ ಇಳಿಸಿ, ಬೀಗ ಹಾಕಿ, ಅದರ ಮೇಲೆ ನೋಟಿಸ್ ಅಂಟಿಸಿ ಹೋದರು.

ಇಷ್ಟೆಲ್ಲ ನಡೆಯುವಾಗ ಸುಬ್ರಮಣಿಯ ತಾಯಿ ದೊಡ್ಡಮುನಿಯಮ್ಮ ಹಿತ್ತಲ ಒಗೆಯುವ ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಹಾಲಿನ ಕವರ್ ತೊಳೆಯುತ್ತಿದ್ದಳು. ಊರಿಗೆಲ್ಲ ಕವರ್ ಹಂಚುವ ಆ ಮನೆಯಲ್ಲಿ ಹೊಸ ಕವರ್ ಒಂದನ್ನೂ ಯಾರೂ ಮುಟ್ಟುವಂತಿರಲಿಲ್ಲ. ಅದು ಮಾಲು. ಸೊಪ್ಪಿನ ಕವರ್ ತೊಳೆದು ಕಡಲೆಕಾಯಿಗೆ, ಕಡಲೆಕಾಯಿಯದು ಸೊಸೆಯ ಹೊಲಿಗೆಯ ಬಟ್ಟೆ ತುಂಡುಗಳಿಗೆ, ಹರಿದ ಮೇಲೆ ಸುರುಳಿ ಸುತ್ತಿ ನಲ್ಲಿಗೆ ಕಟ್ಟುವುದಕ್ಕೆ. ಒಂದು ಕವರ್ ಆ ಮನೆಗೆ ಬಂದರೆ ಆರು ತಿಂಗಳು ಹೊರಗೆ ಹೋಗುತ್ತಿರಲಿಲ್ಲ. ಲಾರಿ ಹೊರಟಾಗ ಅವಳು ತೊಳೆದ ಕವರುಗಳನ್ನು ತಂತಿಗೆ ಸಿಕ್ಕಿಸಿ ಒಳಗೆ ಬಂದು, "ಮುದ್ದೆಗೆ ಎಸರಿಡು, ಉಣ್ಣದೆ ಇದ್ರೆ ಓಗಿದ್ದು ಬಂದದಾ?" ಎಂದು ಸೊಸೆಗೆ ಹೇಳಿದಳು.

ಮಧ್ಯಾಹ್ನದ ಊಟಕ್ಕೆ ಶಿವರಾಮ್ ಬಂದ. ಅವನು ಸುಬ್ರಮಣಿಯ ತಮ್ಮ. ಯಲಹಂಕ ನ್ಯೂ ಟೌನಿನಲ್ಲಿ ಮನೆ ಮಾಡಿಕೊಂಡು ಸೈಟು ಕೊಡಿಸುವ ವ್ಯವಹಾರ ಮಾಡುತ್ತಿದ್ದವನು, ಅಂಗಡಿಗೆ ಅರ್ಧ ಬಂಡವಾಳ ಹಾಕಿದ್ದವನು. ತಟ್ಟೆಯ ಮುಂದೆ ಕೂತರೂ ಮುದ್ದೆ ಮುರಿಯಲಿಲ್ಲ.

"ಅಣ್ಣ, ನಮ್ಮಂಗಡೀಲಿ ಕವರ್ ಸಿಗತ್ತೆ ಅಂತ ಬೀದಿಗೆಲ್ಲ ಗೊತ್ತು. ಕೊಟ್ಟಿಗೇಲಿ ಬೂಸಾ ಚೀಲದ ಹಿಂದೆ ಇದೆ ಅಂತ ಯಾರಿಗ್ ಗೊತ್ತು ಹೇಳು?"

ಸುಬ್ರಮಣಿ ಮುದ್ದೆ ಮುರಿದು ಸಾರಿಗೆ ಅದ್ದಿದ.

"ಮನೆಯೋರಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ. ಏನ್ ಅತ್ತಿಗೆ, ಮಾತೇ ಇಲ್ಲ?"

ಸುಬ್ರಮಣಿಯ ಹೆಂಡತಿ ರಾಧಾಮಣಿ ಬಸ್ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ಬಡಿಸ್ತಿದೀನಿ ಶಿವರಾಮ್. ಏನ್ ಮಾತಾಡ್ಲಿ?"

"ಅಪಾರ್ಟ್‌ಮೆಂಟ್ ಹೆಂಗಸರ ಜೊತೆ ಚೆನ್ನಾಗೇ ಮಾತಾಡ್ತೀರಲ್ಲ. ಬಟ್ಟೆ ಬ್ಯಾಗ್ ಬಗ್ಗೆ, ಪರಿಸರದ ಬಗ್ಗೆ."

"ಅವ್ರು ಹಳೇ ಸೀರೆ ಕೊಟ್ಟು ಬ್ಯಾಗ್ ಹೊಲ್ಕೊಡಿ ಅಂದ್ರು, ಹೊಲ್ದೆ. ಅದು ಕೂಲಿ."

"ಆಗಸ್ಟಲ್ಲಿ ಜಗಳ ಮಾಡಿದ್ದು?"

ಅದಂತೂ ಸುಳ್ಳಲ್ಲ. ಆಗಸ್ಟಿನ ಮಳೆಗೆ ಬೀದಿಯ ಮೋರಿ ಕಟ್ಟಿಕೊಂಡು ಮನೆಯೊಳಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಹೊಲಿಗೆ ಮಿಷನ್ನಿನ ಕೆಳಗೆ ಇಟ್ಟಿದ್ದ ಗಿರಾಕಿಗಳ ರೇಷ್ಮೆ ಬ್ಲೌಸ್‌ಗಳು ಕೊಚ್ಚೆಯಲ್ಲಿ ನೆಂದು ಹಾಳಾಗಿದ್ದವು. ಮೋರಿಯೊಳಗೆ ಭುಜದವರೆಗೆ ಕೈ ಹಾಕಿ ರಾಧಾಮಣಿ ಎಳೆದದ್ದು ಬರೀ ಕವರು, ಗಂಡ ಮಾರಿದಂಥದೇ ಕವರು. ಅವತ್ತು ಅವಳು ಬೀದಿಗೆ ಕೇಳುವಂತೆ ಕೂಗಾಡಿದ್ದಳು. "ಈ ದರಿದ್ರದ ವ್ಯಾಪಾರ ಬಿಡಿ" ಎಂದಿದ್ದಳು. "ಕವರ್ ಬಿಟ್ರೆ ಅಂಗಡೀಲಿ ಇನ್ನೇನೇ ಇದೆ? ಲೋಟ ಮಾರಿ ನಿನ್ ಮಗಳ ಫೀಸ್ ಕಟ್ಲಾ?" ಎಂದು ಸುಬ್ರಮಣಿಯೂ ಕೂಗಿದ್ದ.

"ಜಗಳ ಆಡಿದ್ದು ಆಡ್ದೆ. ಮುಖ ನೋಡ್ಕೊಂಡು ಆಡ್ದೆ. ಕಳ್ಳತನದಲ್ಲಿ ಹೋಗಿ ಹೇಳೋಳು ನಾನಲ್ಲ" ಎಂದು ರಾಧಾಮಣಿ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಒಳಗೆ ಹೋದಳು.

ಅಡುಗೆಮನೆಯ ಬಾಗಿಲಲ್ಲಿ ಮಗಳು ಪದ್ಮಶ್ರೀ ನಿಂತಿದ್ದಳು. ಅವತ್ತು ಹೊಟ್ಟೆನೋವೆಂದು ಶಾಲೆಗೆ ಹೋಗಿರಲಿಲ್ಲ. ಒಂಬತ್ತನೇ ತರಗತಿ, ಹದಿನಾಲ್ಕು ವರ್ಷ. ತಾಯಿ ಒಳಗೆ ಬಂದದ್ದೇ ಹುಡುಗಿ ಹಿತ್ತಲಿಗೆ ಹೋಗಿ ಖಾಲಿ ಕೊಟ್ಟಿಗೆಯ ಕಡೆ ನೋಡುತ್ತಾ ನಿಂತಳು.

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಸುಬ್ರಮಣಿ ಹಗಲು ಹೊತ್ತು ಮನೆಯಲ್ಲಿ ಕೂತು ಅಭ್ಯಾಸವಿಲ್ಲದವನು. ಕುರ್ಚಿ ಹಾಕಿಕೊಂಡು ಬೀಗ ಬಿದ್ದ ಷಟರಿನ ಮುಂದೆ ಕೂರುತ್ತಿದ್ದ. ಗಿರಾಕಿಗಳು ಬಂದು ಮೆಲ್ಲಗೆ, "ಅಣ್ಣ, ಒಂದೆರಡು ಕಟ್ಟು ಎಲ್ಲಾದ್ರೂ ಇಟ್ಟಿದೀರಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಿದ್ದರು. ಊಟಕ್ಕೆ ಕೂತಾಗ ತಾಯಿಗೆ ಹೇಳಿದ, "ಯಾರು ಅಂತ ಗೊತ್ತಾಗ್ಲಿ ಅಮ್ಮ, ಯಾರೇ ಆಗಿರ್ಲಿ, ಈ ಮನೇಲಿ ಅವ್ರಿಗೆ ಅನ್ನ ಇಲ್ಲ."

ಶನಿವಾರ ಪದ್ಮಶ್ರೀಯ ಶಾಲೆಯಲ್ಲಿ ಪೋಷಕರ ಸಭೆ. ರಾಧಾಮಣಿ ಒಬ್ಬಳೇ ಹೋದಳು. ವಿಜ್ಞಾನದ ಮೇಷ್ಟ್ರು ಯೋಗಾನಂದ ಅವಳನ್ನು ಕಂಡದ್ದೇ ಕುರ್ಚಿಯಿಂದ ಎದ್ದು ಬಂದರು.

"ಪದ್ಮಶ್ರೀ ತಾಯಿ ಅಲ್ವಾ? ಬನ್ನಿ ಮೇಡಂ, ನಿಮಗೊಂದು ತೋರಿಸ್ಬೇಕು."

ಗೋಡೆಯ ಮೇಲೆ ಮಕ್ಕಳ ಚಾರ್ಟುಗಳು ಸಾಲಾಗಿದ್ದವು. ಮಧ್ಯದಲ್ಲಿದ್ದ ದೊಡ್ಡ ಹಾಳೆಯ ಮೇಲೆ 'ನಮ್ಮ ಬೀದಿಗೆ ಕವರ್ ಎಲ್ಲಿಂದ ಬರುತ್ತದೆ?' ಎಂದು ಬರೆದಿತ್ತು. ಅಕ್ಷರ ನೋಡಿಯೇ ರಾಧಾಮಣಿಗೆ ಮಗಳದೆಂದು ತಿಳಿಯಿತು.

"ಬೇರೆ ಮಕ್ಕಳೆಲ್ಲ ಭೂಮಿ ಅಳ್ತಾ ಇರೋ ಚಿತ್ರ ಬರ್ಕೊಂಡು ಬಂದ್ರು. ಇವಳು ಗಾಡಿ ಗಾಡಿ ಕೇಳಿ ಲೆಕ್ಕ ತಂದಿದ್ದಾಳೆ ನೋಡಿ. ಯಾವ ಗಾಡಿಗೆ ದಿನಕ್ಕೆ ಎಷ್ಟು ಕವರ್, ಎಲ್ಲಿಂದ ತರ್ತಾರೆ, ಎಲ್ಲಿ ದಾಸ್ತಾನು ಇದೆ, ನಕ್ಷೆ ಸಮೇತ. ವಾರ್ಡ್ ಆಫೀಸಿನೋರು ನಮ್ಮ ಪ್ರದರ್ಶನಕ್ಕೆ ಬಂದಿದ್ರು, ಫೋಟೋ ತಗೊಂಡು ಹೋದ್ರು. ಆ ಜಾಗಕ್ಕೆ ರೈಡೂ ಆಯ್ತಂತೆ!" ಮೇಷ್ಟ್ರು ಸಂತೋಷದಿಂದ ನಕ್ಕರು.

ನಕ್ಷೆಯಲ್ಲಿ ಬೀದಿಯಿತ್ತು, ಮೋರಿಯಿತ್ತು, ಒಂದು ಮನೆ, ಅದರ ಹಿಂದೆ ಒಂದು ಕೊಟ್ಟಿಗೆ. ಕೊಟ್ಟಿಗೆಯ ಬಲಗೋಡೆಗೆ ಕೆಂಪು ಗೆರೆ ಎಳೆದು 'ಮೂಟೆ 62' ಎಂದು ಬರೆದಿತ್ತು.

"ಯಾರ ಅಂಗಡಿ ಅಂತ ಬರ್ದಿಲ್ವಾ ಸರ್?" ರಾಧಾಮಣಿ ಕೇಳಿದಳು.

"ಇಲ್ಲ, ಹೆಸರು ಬೇಡ ಅಂತ ನಾನೇ ಹೇಳಿದ್ದೆ. ಸುಮ್ನೆ ಮಕ್ಕಳಿಗ್ಯಾಕೆ ತೊಂದ್ರೆ? ಜಾಗ ಗುರ್ತು ಮಾಡಿದ್ರೆ ಸಾಕು ಅಂದೆ. ಮುಂದಿನ ತಿಂಗಳು ಇವಳಿಗೆ ಬಹುಮಾನ ಇದೆ, ನೀವೂ ನಿಮ್ಮ ಯಜಮಾನರೂ ಬರ್ಬೇಕು."

ಆಯಿತೆಂದು ತಲೆಯಾಡಿಸಿ ಅವಳು ಕ್ಲಾಸಿನಲ್ಲಿದ್ದ ಮಗಳನ್ನು ಕರೆದುಕೊಂಡು ಹೊರಟಳು. ಬಸ್ ಸ್ಟಾಪಿಗೆ ಬಂದ ಮೇಲೆ ಕೇಳಿದಳು.

"ಯಾಕೆ ಪದ್ದು?"

"ನಿನ್ನ ಕೇಳಿದ್ನಲ್ಲಮ್ಮ. ನೀನು ಮಿಷನ್ ತುಳೀತಾ ಇದ್ದೆ. ಕೊಟ್ಟಿಗೇದೂ ಬರೀಲಾ ಅಂತ ಕೇಳ್ದೆ. ಇರೋದನ್ನ ಬರಿ, ತಲೆ ತಿನ್ಬೇಡ ಅಂತ ನೀನೇ ಅಂದೆ."

ರಾಧಾಮಣಿಗೆ ನೆನಪಿರಲಿಲ್ಲ. ಆದರೆ ಅಂದಿರಬಹುದು. ಆ ವಾರ ಮದುವೆ ಮನೆಯೊಂದರ ಹನ್ನೊಂದು ಬ್ಲೌಸ್ ಇದ್ದವು.

"ಅಪ್ಪಂದು ಅಂತ ಗೊತ್ತಿದ್ದೂ ಬರ್ದ್ಯಲ್ಲೇ."

"ಸುಳ್ಳು ಬರೀಬೇಕಿತ್ತಾ?" ಹುಡುಗಿಯ ಕಣ್ಣು ತುಂಬಿತು. "ಆಫೀಸಿನೋರು ಬರ್ತಾರೆ ಅಂತ ನಂಗೇನ್ ಗೊತ್ತಿತ್ತು? ಸರ್ ಪ್ರಾಜೆಕ್ಟ್ ಅಂದ್ರು. ನಾನು ಪ್ರಾಜೆಕ್ಟ್ ಅನ್ಕೊಂಡೆ."

"ಬೇರೆ ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ."

"ಹೇಳ್ಬೇಡ. ನಾನು ಹೇಳೋವರ್ಗೂ ಬಾಯಿ ಬಿಡ್ಬೇಡ."

ಮನೆಗೆ ಬಂದರೆ ಶಿವರಾಮ್ ಕಾಫಿ ಕುಡಿಯುತ್ತಾ ಕೂತಿದ್ದ. ವಾರ್ಡ್ ಆಫೀಸಿನಲ್ಲಿ ಪರಿಚಯದವನೊಬ್ಬನಿದ್ದಾನೆ, ದೂರಿನ ಕಾಪಿ ಸೋಮವಾರ ಕೈಗೆ ಬರುತ್ತದೆ ಎಂದು ಅಣ್ಣನಿಗೆ ಹೇಳುತ್ತಿದ್ದ. ಪದ್ಮಶ್ರೀಯ ಯೂನಿಫಾರ್ಮು ನೋಡಿ, "ಇನ್ನೂ ಅದೇ ಸ್ಕೂಲಾ? ಅಂಗಡಿ ಮುಚ್ಚಿದೆ, ಹೆಣ್ಹುಡ್ಗಿಗೆ ಅಷ್ಟು ಫೀಸ್ ಕಟ್ಟೋದು ಬೇಕಾ ಅಣ್ಣ? ಸರ್ಕಾರಿ ಶಾಲೇಲಿ ನಾವು ಓದ್ಲಿಲ್ವಾ?" ಎಂದ. ಸುಬ್ರಮಣಿ, "ನೋಡ್ಬೇಕು" ಎಂದ.

ಆ ಶಾಲೆಗೆ ಮಗಳನ್ನು ಸೇರಿಸಲು ರಾಧಾಮಣಿ ಎರಡು ವರ್ಷ ಗೋಗರೆದಿದ್ದಳು. ಶಾಲೆಯಿಂದಲೇ ಇದೆಲ್ಲ ಆಯಿತೆಂದು ತಿಳಿದರೆ ಮಾರನೆಯ ದಿನವೇ ಹುಡುಗಿ ಮನೆಯಲ್ಲಿ ಕೂರುತ್ತಾಳೆಂದು ಅವಳಿಗೆ ಗೊತ್ತಿತ್ತು. ಭಾನುವಾರ ಮಧ್ಯಾಹ್ನ ಶಿವರಾಮನೂ ಸೇರಿ ಎಲ್ಲರೂ ಊಟಕ್ಕೆ ಕೂತಾಗ, ಬಡಿಸುವುದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು.

"ಶಿವರಾಮ್, ಕಾಪಿ ಗೀಪಿ ತರಿಸೋದು ಬೇಡ. ಹೇಳಿದ್ದು ನಾನೇ."

ಸುಬ್ರಮಣಿಯ ತುತ್ತು ಕೈಯಲ್ಲೇ ಉಳಿಯಿತು. ಶಿವರಾಮ್, "ನಾನ್ ಹೇಳ್ಲಿಲ್ವಾ!" ಎಂದು ತೊಡೆ ತಟ್ಟಿದ.

"ಯಾಕೆ?" ಎಂದ ಸುಬ್ರಮಣಿ.

"ಆಗಸ್ಟಲ್ಲಿ ಮೋರಿಗೆ ಕೈ ಹಾಕಿದ್ದು ನಾನು. ನೀವಲ್ಲ."

ಅಷ್ಟನ್ನು ಮಾತ್ರ ಅವಳು ನಿಜವಾಗಿ ಹೇಳಿದ್ದಳು. ಸುಬ್ರಮಣಿ ತಟ್ಟೆ ತಳ್ಳಿ ಎದ್ದ. ಹೊಡೆಯುತ್ತಾನೆಂದು ರಾಧಾಮಣಿ ಗೋಡೆಗೆ ಒತ್ತಿಕೊಂಡಳು. ಅವನು ಹೊಡೆಯಲಿಲ್ಲ. "ಹತ್ತೊಂಬತ್ತು ವರ್ಷ ನಿನ್ ಕೈ ಅನ್ನ ತಿಂದೆ" ಎಂದು ಹೇಳಿ ಹೊರಗೆ ಹೋದ. ಪದ್ಮಶ್ರೀ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿತು.

ದೊಡ್ಡಮುನಿಯಮ್ಮ ತಾಯಿ ಮಗಳಿಬ್ಬರನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ಎದ್ದಳು.

"ಆಯ್ತು ಬಿಡು. ಇನ್ ಮ್ಯಾಲೆ ನಿನ್ ಕೈ ಊಟ ನಂಗೂ ಬ್ಯಾಡ, ನನ್ ಮಗಂಗೂ ಬ್ಯಾಡ."

ಸಂಜೆಯೊಳಗೆ ಅಟ್ಟದ ಮೇಲಿದ್ದ ಹಳೇ ಒಂಟಿ ಒಲೆ ಇಳಿಯಿತು. ಶಿವರಾಮನೇ ಸಿಲಿಂಡರ್ ತಂದುಕೊಟ್ಟ. ಪಡಸಾಲೆಯ ಮೂಲೆಯಲ್ಲಿ ಮುದುಕಿ ತನಗೂ ಮಗನಿಗೂ ಬೇರೆ ಅಡುಗೆ ಹೂಡಿದಳು. ಪದ್ಮಶ್ರೀ ಬೆಳಿಗ್ಗೆ ತಾಯಿಯ ಕಡೆ ಉಣ್ಣಬೇಕು, ರಾತ್ರಿ ಅಜ್ಜಿಯ ಕಡೆ. ಇದು ಅಜ್ಜಿಯೇ ಮಾಡಿದ ತೀರ್ಮಾನ.

ಮೂರನೆಯ ವಾರಕ್ಕೆ ಸುಬ್ರಮಣಿ ಟಿ. ದಾಸರಹಳ್ಳಿಯಲ್ಲಿ ಪೇಪರ್ ಪ್ಲೇಟ್ ಮಾಡುವ ಕಡೆ ಕೆಲಸಕ್ಕೆ ಸೇರಿದ. ಒಂದು ಕಾಲದಲ್ಲಿ ಅವನು ಸರಕು ತರಿಸುತ್ತಿದ್ದ ಜಾಗವೇ ಅದು. ಆಗ ಫೋನಿನಲ್ಲಿ ದಬಾಯಿಸುತ್ತಿದ್ದ, ಈಗ ಅಲ್ಲೇ ನಿಂತು ಡಜನ್ ಲೆಕ್ಕದಲ್ಲಿ ಕಟ್ಟು ಕಟ್ಟಬೇಕು. ಬೆಳಿಗ್ಗೆ ಆರೂವರೆಗೆ ಹೊರಟು ಎರಡು ಬಸ್ ಹಿಡಿಯುತ್ತಿದ್ದ. ಹೆಂಡತಿಯೊಡನೆ ಮಾತು ನಿಂತೇಹೋಗಿತ್ತು. ಏನಿದ್ದರೂ ಮಗಳ ಮೂಲಕ.

"ಪದ್ದು, ನಿಮ್ಮಮ್ಮಂಗೆ ಹೇಳು, ನೀಲಿ ಶರ್ಟಿಗೆ ಗುಂಡಿ ಹಾಕ್ಬೇಕು ಅಂತ."

"ಅಮ್ಮ, ಅಪ್ಪ..."

"ಕೇಳಿಸ್ತು. ಹಾಕಿಟ್ಟಿದೀನಿ ಅಂತ ಹೇಳು."

ಮೂರಡಿ ದೂರದಲ್ಲಿ ನಿಂತ ಇಬ್ಬರ ನಡುವೆ ಹುಡುಗಿ ಹಾಗೆ ಓಡಾಡುತ್ತಿದ್ದಳು.

ಬೀದಿಯ ಹೆಂಗಸರು ಬ್ಲೌಸ್ ಕೊಡುವುದನ್ನು ನಿಲ್ಲಿಸಿದರು. ಮೂಲೆಮನೆ ಗೋಪಾಲಮ್ಮ ಅರ್ಧ ಹೊಲಿದದ್ದನ್ನೇ ವಾಪಸ್ ಕೇಳಿ ತೆಗೆದುಕೊಂಡಳು. "ಗಂಡನ ಅನ್ನಕ್ಕೇ ಕಲ್ಲು ಹಾಕಿದೋಳ ಕೈಗೆ ಒಳ್ಳೇ ಬಟ್ಟೆ ಕೊಡೋಕಾಗತ್ತಾ?" ಎಂದು ನಲ್ಲಿಯ ಹತ್ತಿರ ಆಡಿಕೊಂಡದ್ದು ರಾಧಾಮಣಿಯ ಕಿವಿಗೂ ಬಿತ್ತು. ಅಪಾರ್ಟ್‌ಮೆಂಟಿನ ಹೆಂಗಸರಿಗೂ ಸುದ್ದಿ ಹೋಗಿತ್ತು. ಅವರು ಮಾತ್ರ ಹೊಗಳಿದರು. "ರಾಧಾ, ಯು ಆರ್ ಸೋ ಬ್ರೇವ್! ನಮ್ಮ ಮೀಟಿಂಗಲ್ಲಿ ಎರಡು ಮಾತಾಡ್ಬೇಕು ನೀವು" ಎಂದರು. ಅವಳು ಒಲ್ಲೆನೆಂದಳು. ನೂರು ಬ್ಯಾಗಿಗೆ ಹೊಸದಾಗಿ ಹೇಳಿದರು. ಸೀರೆ ನಮ್ಮದೇ ಅಲ್ವಾ, ಬರೀ ಹೊಲಿಗೆ ತಾನೇ ಎಂದು ಬ್ಯಾಗಿಗೆ ಎರಡು ರೂಪಾಯಿ ಇಳಿಸಿದರು. ಬೇರೆ ಕೆಲಸವಿರಲಿಲ್ಲ, ಅವಳು ಒಪ್ಪಿಕೊಂಡಳು.

ಒಂದು ದಿನ ತರಕಾರಿ ಗಾಡಿಯ ತಾಹೆರಾ ಬಾಗಿಲ ಮುಂದೆ ಗಾಡಿ ನಿಲ್ಲಿಸಿದಳು. ಸುಬ್ರಮಣಿಯ ಹತ್ತಿರ ವರ್ಷಗಟ್ಟಲೆ ಕವರ್ ಕೊಂಡವಳು.

"ರಾಧಕ್ಕ, ನೀವು ಒಳ್ಳೇದಕ್ಕೇ ಹೇಳಿರ್ಬೋದು. ಆದ್ರೆ ನಂಗೀಗ ಕವರ್ ಇನ್ನೂ ದೂರದಿಂದ ತರ್ಬೇಕು, ರೇಟೂ ಜಾಸ್ತಿ. ಮೊನ್ನೆ ನನ್ ಗಾಡೀಗೂ ದಂಡ ಹಾಕಿದ್ರು."

"ಕೊಡ್ಲೇಬೇಡ ತಾಹೆರಾ. ಬ್ಯಾಗ್ ತನ್ನಿ ಅಂತ ಹೇಳು."

"ಹೇಳಿದ್ರೆ? ಕಾರಲ್ಲಿ ಕೂತ್ಕೊಂಡೇ ಗ್ಲಾಸ್ ಇಳಿಸ್ತಾರೆ. ಡಿಕ್ಕೀಲಿ ನಾಲ್ಕು ಬ್ಯಾಗ್ ಇರತ್ತೆ, ಇಳಿಯೋಕೆ ಸೋಮಾರಿತನ. ಕವರ್ ಇಲ್ವಾ ಅಂತಾರೆ, ಇಲ್ಲ ಅಂದ್ರೆ ಮುಂದಿನ ಗಾಡಿಗ್ ಹೋಗ್ತಾರೆ. ಟೊಮೇಟೊ ಅವ್ರು ಮಡಿಲಲ್ಲಿ ಹಾಕ್ಕೊಂಡ್ ಹೋಗ್ತಾರಾ?"

ರಾಧಾಮಣಿ ಉಳಿದ ತುಂಡುಗಳಲ್ಲಿ ಇಪ್ಪತ್ತು ಚೀಲ ಹೊಲಿದು ಕೊಟ್ಟಳು. ಬ್ಯಾಗಿಲ್ಲದೆ ಬಂದವರಿಗೆ ಇದರಲ್ಲಿ ಹಾಕಿಕೊಡು, ನಾಳೆ ವಾಪಸ್ ತನ್ನಿ ಅನ್ನು ಎಂದಳು. ವಾರ ಕಳೆದ ಮೇಲೆ ತಾಹೆರಾ ಮೂರು ಚೀಲ ಹಿಡಿದು ಬಂದಳು. "ಇಷ್ಟೇ ಅಕ್ಕ ವಾಪಸ್ ಬಂದಿದ್ದು. ಒಬ್ರು ಅದ್ರಲ್ಲಿ ಕಾರ್ ಒರೆಸ್ತಾ ಇದ್ರು" ಎಂದಳು. ಇಬ್ಬರೂ ನಕ್ಕರು. ನಗು ಬೇಗ ನಿಂತಿತು.

ಪದ್ಮಶ್ರೀ ದಿನದಿನಕ್ಕೆ ಬಡವಾಗುತ್ತಿದ್ದಳು. ಅಜ್ಜಿಯ ಕಡೆ ಕೂತರೆ ಊಟ ಸೇರುತ್ತಿರಲಿಲ್ಲ, ತಾಯಿಯ ಕಡೆ ಕೂತರೂ ಸೇರುತ್ತಿರಲಿಲ್ಲ. ಬಹುಮಾನದ ದಿನ ಜ್ವರವೆಂದು ಮಲಗಿದಳು. ಯೋಗಾನಂದ ಮೇಷ್ಟ್ರು ಕೊಟ್ಟ ಕಪ್ಪನ್ನು ಮಾರನೆಯ ದಿನ ಬ್ಯಾಗಿನಲ್ಲೇ ಇಟ್ಟುಕೊಂಡು ಬಂದು, ತಾಯಿಗೂ ತೋರಿಸದೆ, ಪುಸ್ತಕದ ಹಿಂದೆ ಬಚ್ಚಿಟ್ಟಳು.

ಡಿಸೆಂಬರಿನ ಎರಡನೇ ಭಾನುವಾರ ಅವರೆಕಾಯಿ ಬಂದಿತ್ತು. ಮುದುಕಿ ಬೆಳಿಗ್ಗೆಯಿಂದ ಕೂತು ಕಾಳು ಬಿಡಿಸಿ, ಹಿತುಕಿ, ಸಾರು ಮಾಡಿದ್ದಳು. ಆ ವಾಸನೆ ಮನೆಯೆಲ್ಲ ತುಂಬಿತ್ತು. ರಾತ್ರಿ ಊಟದ ಹೊತ್ತಿಗೆ ರಾಧಾಮಣಿ ಅಡುಗೆಮನೆಯಲ್ಲಿ ತನ್ನೊಬ್ಬಳಿಗೆ ಚಿತ್ರಾನ್ನ ಕಲಸುತ್ತಿದ್ದಳು. ಪಡಸಾಲೆಯಲ್ಲಿ ಸುಬ್ರಮಣಿ ಮಗಳ ಪಕ್ಕ ಕೂತು ಉಣ್ಣುತ್ತಾ, "ಪದ್ದು, ಜೂನಿಂದ ಆ ಸ್ಕೂಲ್ ಬೇಡ. ನನ್ ಸಂಬಳದಲ್ಲಿ ಆಗಲ್ಲ. ನಿಮ್ಮಮ್ಮ ಮಾಡಿರೋ ಕೆಲಸಕ್ಕೆ ಅವಳನ್ನೇ ಬೈಕೋ" ಎಂದ.

"ಅಮ್ಮ ಮಾಡಿಲ್ಲ."

"ಏನು?"

"ಅಮ್ಮ ಮಾಡಿಲ್ಲ ಅಪ್ಪ. ನಾನು. ಸ್ಕೂಲ್ ಪ್ರಾಜೆಕ್ಟಲ್ಲಿ ನಾನೇ ಬರ್ದಿದ್ದು, ಕೊಟ್ಟಿಗೆ, ಮೂಟೆ, ಎಲ್ಲಾ."

ಸುಬ್ರಮಣಿ ಮಗಳನ್ನು ನೋಡಿದ, ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ಹೆಂಡತಿಯನ್ನು. ಒಂದು ತಿಂಗಳ ಮೇಲೆ ಮೊದಲ ಸಲ ಅವಳ ಜೊತೆ ನೇರವಾಗಿ ಮಾತಾಡಿದ.

"ಥೂ ನಿನ್ನ! ತಪ್ಪಿಸ್ಕೊಳ್ಳೋಕೆ ಈಗ ಮಗೂಗೆ ಹೇಳ್ಕೊಟ್ಟಿದೀಯಾ? ಅದರ ತಲೆ ಮೇಲೆ ಹಾಕ್ತೀಯಾ?"

"ನಾನೇನೂ ಹೇಳ್ಕೊಟ್ಟಿಲ್ಲ."

"ಮತ್ತೆ ಇವ್ಳಿಗೇನ್ ಬಂತು ಇವತ್ತು? ನಿನ್ನಂಥ ತಾಯೀನ ನಾನು ಎಲ್ಲೂ ನೋಡಿಲ್ಲ!"

ಪದ್ಮಶ್ರೀ ಎಂಜಲು ಕೈಯಲ್ಲೇ ಓಡಿಹೋಗಿ ಪ್ರಾಜೆಕ್ಟ್ ಪುಸ್ತಕ ತಂದು ಅಪ್ಪನ ತಟ್ಟೆಯ ಪಕ್ಕ ಬಿಚ್ಚಿ ಇಟ್ಟಳು. ಮೊದಲ ಪುಟದಲ್ಲಿ, 'ನಮ್ಮ ಮನೆಗೆ ಈ ವಾರ ಬಂದ ಹೊಸ ಕವರ್: ಒಂದೂ ಇಲ್ಲ. ನಮ್ಮ ಅಜ್ಜಿ ಹಳೆಯದನ್ನೇ ತೊಳೆದು ಬಳಸುತ್ತಾರೆ' ಎಂದಿತ್ತು. ಎರಡು ಪುಟ ತಿರುವಿದರೆ ನಕ್ಷೆ. ಕೆಳಗೆ ಕೆಂಪು ಶಾಯಿಯಲ್ಲಿ 'ಬಹಳ ಚೆನ್ನಾಗಿದೆ' ಎಂದು ಮೇಷ್ಟ್ರ ಸಹಿ, ತಾರೀಖು. ರೈಡಿಗೆ ಹದಿನೈದು ದಿನ ಮುಂಚಿನ ತಾರೀಖು.

ಸುಬ್ರಮಣಿ ಬಹಳ ಹೊತ್ತು ಅದನ್ನೇ ನೋಡಿದ. ಅವನ ಕೈಯಲ್ಲಿನ ಸಾರು ಒಣಗಿತು. ಮಗಳು ಹೊಡೆತಕ್ಕೆ ಕಾದವಳಂತೆ ಕಣ್ಣು ಮುಚ್ಚಿ ನಿಂತಿದ್ದಳು.

"ಇದು ಇನ್ಯಾರಿಗ್ ಗೊತ್ತು?"

"ಯಾರಿಗೂ ಇಲ್ಲ."

"ಶಿವರಾಮಂಗೆ ಹೇಳ್ಬೇಡ. ಯಾರಿಗೂ ಹೇಳ್ಬೇಡ."

"ಮತ್ತೆ ಅಮ್ಮ? ಬೀದಿಯೋರೆಲ್ಲ ಅಮ್ಮನ್ನ..."

"ಬೀದಿಯೋರಿಗೆ ಆಗ್ಲೇ ಒಂದು ಗೊತ್ತಿದೆ. ಅದೇ ಇರ್ಲಿ. ಹೆತ್ತ ಮಗಳೇ ಅಪ್ಪನ್ನ ಹಿಡಿಸಿದ್ಲು ಅಂತಾದ್ರೆ ನಾಳೆ ನಿಂಗೇ ಕಷ್ಟ." ಅವನು ಹೆಂಡತಿಯ ಕಡೆ ತಿರುಗಿದ. ದನಿ ತಗ್ಗಿತ್ತು. "ಅಲ್ವೇನೇ?"

ರಾಧಾಮಣಿಯೂ ಇದೇ ಯೋಚನೆಯಿಂದಲೇ ಹೇಳಿದ್ದು. ಆದರೆ ತಾನು ಹೊತ್ತ ಹೊರೆಯನ್ನು, ಒಂದು ಕ್ಷಮೆಯ ಮಾತೂ ಇಲ್ಲದೆ, ಅವನು ಮತ್ತೊಮ್ಮೆ ತನ್ನ ತಲೆಯ ಮೇಲೆ ಸರಿಯಾಗಿ ಕೂರಿಸಿದಂತೆ ಅವಳಿಗೆ ಅನಿಸಿತು.

"ಜೂನಿಗೂ ಅದೇ ಸ್ಕೂಲು" ಎಂದಳು. "ಫೀಸ್ ನಾನ್ ಕಟ್ತೀನಿ." ಅವನು ಬೇಡವೆನ್ನಲಿಲ್ಲ. ಪುಸ್ತಕ ಮುಚ್ಚಿ ಕೈ ತೊಳೆಯಲು ಎದ್ದ.

ಸೋಮವಾರ ಗಂಡ ಕೆಲಸಕ್ಕೆ, ಮಗಳು ಶಾಲೆಗೆ ಹೋದ ಮೇಲೆ ರಾಧಾಮಣಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ದೊಡ್ಡಮುನಿಯಮ್ಮ ಬಂದು ಕಲ್ಲಿನ ಮೇಲೆ ಕೂತಳು.

"ರಾಧಾ, ಇವತ್ತಿಂದ ಒಂದೇ ಒಲೆ ಮಾಡ್ಕಳಣ. ಆಗಿದ್ದು ಆಗೋಯ್ತು. ಎರಡೆರಡು ಕಡೆ ಗ್ಯಾಸ್ ಯಾಕ್ ಉರಿಸ್ಬೇಕು?"

ರಾಧಾಮಣಿ ತಲೆ ಎತ್ತಿದಳು. "ನಿನ್ನೆ ಪದ್ದು ಹೇಳ್ದಾಗ ನಿಮಗೆ ಆಶ್ಚರ್ಯಾನೇ ಆಗ್ಲಿಲ್ವಲ್ಲ ಅತ್ತೆ. ನೀವು ಸಾರು ಬಡಿಸ್ತಾನೇ ಇದ್ರಿ."

ಮುದುಕಿ ಸೊಂಟದ ಚೀಲದಿಂದ ಎಲೆ ತೆಗೆದು ಒರೆಸಿದಳು.

"ನಂಗೊತ್ತಿತ್ತು ಕಣಮ್ಮಿ. ಮಗು ಪುಸ್ತಕ ಇಡ್ಕಂಡು ಕೊಟ್ಟಿಗೇಲಿ ಮೂಟೆ ಎಣಿಸ್ತಿದ್ದುದ್ನ ನಾನೇ ಕಣ್ಣಾರೆ ನೋಡಿದ್ದೆ. ಇಸ್ಕೂಲಿಗೆ ಅಜ್ಜಿ ಅಂದಿತ್ತು. ಜೀಪು ಬಂದ್ ದಿನಾನೇ ತಿಳೀತು ನಂಗೆ."

ರಾಧಾಮಣಿಯ ಕೈ ನಿಂತಿತು. ನಲ್ಲಿಯ ನೀರು ಪಾತ್ರೆ ತುಂಬಿ ಹರಿಯುತ್ತಿತ್ತು.

"ಗೊತ್ತಿದ್ದೂ ಒಲೆ ಬೇರೆ ಮಾಡಿದ್ರಾ?"

"ಇನ್ನೇನ್ ಮಾಡ್ಲಿ? ನಾನ್ ಸುಮ್ಕಿದ್ದಿದ್ರೆ ಶಿವರಾಮ ನಂಬ್ತಿದ್ನಾ? ಕಾಪಿ ತರಸೇ ತರಸನು. ಮನೆ ಮಗಳ ಮ್ಯಾಲೆ ಬರೋದ್ಕಿಂತ ಸೊಸೆ ಮ್ಯಾಲೆ ಬಂದ್ರೆ ತಡ್ಕಬೋದು. ನೀನೂ ಅದ್ನೇ ತಾನೆ ಮಾಡಿದ್ದು?"

"ನಾನು ಮಾಡಿದ್ದು ನನ್ ಮಗಳಿಗೆ. ಐದು ವಾರ ನಾನು ಈ ಮನೇಲಿ ನಾಯಿ ಥರ ಒಂದು ಮೂಲೇಲಿ ಕೂತು ಉಂಡಿದೀನಿ. ಒಂದ್ ದಿನ, ಯಾರೂ ಇಲ್ದಾಗ, ಇದೇ ಕಲ್ಲಿನ ಹತ್ರ, ಗೊತ್ತು ಕಣೆ ಅಂತ ಒಂದು ಮಾತು ನಂಗೆ ಹೇಳ್ಬೋದಿತ್ತು."

"ಏಳಿದ್ರೆ ನಿನ್ ಮುಖದಾಗೆ ಗೊತ್ತಾಗೋಗೋದು."

"ಗೋಪಾಲಮ್ಮನ ಜೊತೆ ನೀವೂ ನನ್ನ ಆಡ್ಕೊಂಡ್ರಿ. ನಲ್ಲಿ ಹತ್ರ. ಅದನ್ನೂ ಯಾರೋ ನಂಬಲಿ ಅಂತ್ಲಾ?"

ಮುದುಕಿ ಎಲೆಗೆ ಸುಣ್ಣ ಸವರಿ, ಮಡಿಸಿ, ಬಾಯಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಕೂತಳು. ಆಮೇಲೆ, "ಅನ್ನಕ್ಕೆ ಅಕ್ಕಿ ತರ್ತೀನಿ, ಒಟ್ಟಿಗೆ ಇಡು" ಎಂದು ಎದ್ದಳು.

ಅವಳು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಅಕ್ಕಿಯ ಪಾತ್ರೆಯನ್ನು ರಾಧಾಮಣಿ ಎರಡೂ ಕೈಯಲ್ಲಿ ಎತ್ತಿಕೊಂಡು ಪಡಸಾಲೆಗೆ ಹೋಗಿ ಒಂಟಿ ಒಲೆಯ ಪಕ್ಕ ಇಟ್ಟು ಬಂದಳು.

"ಬೇಡ ಅತ್ತೆ. ಬೇರೇನೇ ಇರ್ಲಿ."

ಸಂಜೆ ಏಳು ಗಂಟೆಗೆ ಸುಬ್ರಮಣಿ ಬಂದ. ದಾರಿಯಲ್ಲಿ ಮಗಳಿಗೆಂದು ಬಾಳೆಹಣ್ಣು ಕೊಂಡು, ಕವರ್ ಕೇಳದೆ, ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದ. ಪಡಸಾಲೆಯಲ್ಲಿ ಒಲೆ ಉರಿಯುತ್ತಿರುವುದನ್ನು ಕಂಡು, "ಇನ್ನೂ ಒಟ್ಟಿಗೆ ಮಾಡ್ಲಿಲ್ವಾ?" ಎಂದು ತಾಯಿಯನ್ನು ಕೇಳಿದ. ಮುದುಕಿ ಅಡುಗೆಮನೆಯ ಕಡೆ ಗದ್ದ ತೋರಿಸಿದಳು.

ಅಡುಗೆಮನೆಯಲ್ಲಿ ರಾಧಾಮಣಿ ನೆಲದ ಮೇಲೆ ಎರಡು ತಟ್ಟೆ ಹಾಕಿದ್ದಳು. ಒಂದರ ಮುಂದೆ ಪದ್ಮಶ್ರೀ ಕೂತಿದ್ದಳು. ರಾತ್ರಿ ಊಟ ಅಜ್ಜಿಯ ಕಡೆ ಎಂಬ ತೀರ್ಮಾನವನ್ನು ಅವತ್ತು ಯಾರೂ ನೆನಪಿಸಿರಲಿಲ್ಲ. ಸುಬ್ರಮಣಿ ಬಾಳೆಹಣ್ಣು ಒಳಗಿಟ್ಟು, ತನ್ನ ತಟ್ಟೆಯನ್ನು ತಾನೇ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತ.

"ನಂಗೂ ಇಲ್ಲೇ ಹಾಕು" ಎಂದ.

"ನಿಮ್ಮಮ್ಮ ಮಾಡಿದಾರೆ. ಆರೋಗತ್ತೆ, ಹೋಗಿ ಉಣ್ಣಿ."

ಅವನು ಇನ್ನೂ ಸ್ವಲ್ಪ ಹೊತ್ತು ತಟ್ಟೆ ಹಿಡಿದು ನಿಂತೇ ಇದ್ದ. ಪದ್ಮಶ್ರೀ ಅಪ್ಪನನ್ನೂ ಅಮ್ಮನನ್ನೂ ನೋಡಿ, ಯಾರ ಮಾತನ್ನು ಯಾರಿಗೆ ಮುಟ್ಟಿಸಬೇಕೆಂದು ತಿಳಿಯದೆ ತಲೆ ತಗ್ಗಿಸಿದಳು. ರಾಧಾಮಣಿ ಮಗಳ ತಟ್ಟೆಗೆ ಸಾರು ಬಿಟ್ಟಳು, ತನ್ನ ತಟ್ಟೆಗೂ ಬಿಟ್ಟುಕೊಂಡಳು, ಪಾತ್ರೆಗೆ ಮುಚ್ಚಳ ಹಾಕಿ ಊಟಕ್ಕೆ ಕೂತಳು.